ಹುಳುಮನೆಯಲ್ಲಿದ್ದ ಇಟಲಿ ಕಾರು

ಹೋದ ಬೇಸಿಗೆ ರಜೆಗೆ ನೀವಿಬ್ಬರೂ ಊರಿಗೆ ಬಂದಿದ್ದಿರಿ. ಒಂದು ಮಧ್ಯಾಹ್ನ ಜಗಲಿಯ ಮೇಲೆ ಆಟವಾಡುತ್ತಿದ್ದಿರಿ. ಚಿಕ್ಕವನ ಕೈಯಲ್ಲಿ ಚನ್ನಪಟ್ಟಣದ ಮರದ ಕಾರು ಇತ್ತು. ಅದನ್ನು ಆ ತುದಿಯಿಂದ ಜೋರಾಗಿ ತಳ್ಳಿ, ಈ ತುದಿಯ ಕಂಬಕ್ಕೆ ಗುದ್ದಿಸಿ, "ಶೋಕಿ ತಾತ ಢಮಾರ್!" ಎಂದು ಕೂಗುತ್ತಿದ್ದ. ದೊಡ್ಡವಳೇ, ನೀನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಾನು ಬಾಗಿಲಲ್ಲಿ ನಿಂತಿದ್ದನ್ನು ಕಂಡು ನೀನು ನಗು ನಿಲ್ಲಿಸಿ ಕೇಳಿದೆ: "ಅಜ್ಜಿ, ತಾತ ರೇಸ್ ಹೊಡ್ಯಕ್ಕೋಗಿ ಸತ್ತೋದ್ರಂತೆ, ಹೌದಾ? ಅಪ್ಪ ಹೇಳ್ತು."

ಒಲೆಯ ಮೇಲೆ ಹಾಲು ಇಟ್ಟಿದ್ದೇನೆ ಎಂದು ಹೇಳಿ ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ, ಏಳನೇ ತರಗತಿಯವರೆಗೆ. ಬರೆಯುವುದು ಬರುತ್ತದೆ, ಮಾತು ಬರುವುದಿಲ್ಲ. ಇಬ್ಬರ ಮುಂದೆ ಒಂದು ವಿಷಯ ಹೇಳಬೇಕೆಂದರೆ ಈಗಲೂ ಎದ್ದು ಅಡುಗೆಮನೆಗೆ ಹೋಗುತ್ತೇನೆ. ಆದ್ದರಿಂದ ನಿನ್ನ ಪ್ರಶ್ನೆಗೆ ಉತ್ತರವನ್ನು ಈ ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ತಾತ ಜೋರಾಗಿ ಕಾರು ಓಡಿಸಿ ಸಾಯಲಿಲ್ಲ. ಶೋಕಿ ಮಾಡಿ ಸಾಯಲಿಲ್ಲ. ಕಾರಣ ಬೇರೆ ಇದೆ, ಅದು ನನ್ನ ಕೈಯಿಂದ ಆದದ್ದು. ಏಳು ವರ್ಷದಿಂದ ನನಗೆ ಗೊತ್ತಿದೆ. ನಾನು ಬಾಯಿ ಬಿಡಲಿಲ್ಲವಾದ್ದರಿಂದ ಇಡೀ ಊರು ಅವರನ್ನು ಶೋಕಿ ಮುದುಕ ಎನ್ನುತ್ತದೆ, ಈಗ ಮೊಮ್ಮಕ್ಕಳೂ ಹಾಗೇ ಕಲಿತಿದ್ದೀರಿ. ಇದನ್ನು ನಾನು ಬದುಕಿರುವಾಗಲೇ ಸರಿಮಾಡಬೇಕು.

ಮೊದಲು ಆ ಕಾರು ನಮ್ಮ ಮನೆಗೆ ಹೇಗೆ ಬಂತೆಂದು ಹೇಳುತ್ತೇನೆ.

ನಿಮ್ಮ ತಾತ ಬೇಸಾಯಕ್ಕೆ ಇಳಿಯುವ ಮೊದಲು ಡ್ರೈವರ್ ಆಗಿದ್ದರು. ಸಾವನದುರ್ಗದ ಕೆಳಗೆ ಬೆಂಗಳೂರಿನ ಯಜಮಾನರೊಬ್ಬರ ಮಾವಿನ ತೋಪು ಇತ್ತು. ಅವರ ಬಳಿ ಹನ್ನೊಂದು ವರ್ಷ ಕೆಲಸ ಮಾಡಿದರು. ಆ ಯಜಮಾನರದೇ ಈ ಕಾರು. ಇಟಲಿಯಿಂದ ಹಡಗಿನಲ್ಲಿ ಬಂದಿದ್ದಂತೆ. ಮೂತಿ ಉದ್ದ, ಬೆನ್ನು ತಗ್ಗು, ಬಾಗಿಲು ಎರಡೇ. ಹಿಂದಿನ ಸೀಟು ಇದ್ದೂ ಇಲ್ಲದ ಹಾಗೆ, ನಿಮ್ಮಂಥ ಮಕ್ಕಳಿಗಷ್ಟೇ ಸಾಕಾಗುವಷ್ಟು. ಬಣ್ಣ ಬೂದು, ತೊಳೆದ ಮೇಲೆ ಬಿಸಿಲಿಗೆ ನೀಲಿ ಕಾಣುತ್ತಿತ್ತು. ನಿಮ್ಮ ಮುತ್ತಾತ ತೀರಿಕೊಂಡಾಗ ತಾತ ಕೆಲಸ ಬಿಟ್ಟು ಹೊಲಕ್ಕೆ ಬಂದರು. ಹಿಪ್ಪುನೇರಳೆ ಹಾಕಿದರು, ರೇಷ್ಮೆ ಹುಳು ಸಾಕಿದೆವು, ಮೂವತ್ತು ವರ್ಷ ಅದೇ ಬದುಕು. ಕಾರಿನ ಮಾತು ಅವರ ಬಾಯಲ್ಲಿ ಆಗಾಗ ಬರುತ್ತಿತ್ತು. ತವರಿನ ಬಗ್ಗೆ ಹೆಂಗಸರು ಮಾತಾಡುವ ಹಾಗೆ ಮಾತಾಡುತ್ತಿದ್ದರು.

ಆ ಯಜಮಾನರು ತೀರಿಕೊಂಡು, ತೋಪು ಮಾರಾಟಕ್ಕೆ ಬಂದಾಗ, ಅವರ ಮಗಳು ನಿಮ್ಮ ತಾತನಿಗೆ ಫೋನ್ ಮಾಡಿದರು. ಕಾರು ಶೆಡ್ಡಿನಲ್ಲಿ ನಿಂತು ಎಷ್ಟೋ ವರ್ಷವಾಗಿದೆ, ಗುಜರಿಗೆ ಹಾಕಲು ಮನಸ್ಸಿಲ್ಲ, ನಿಮಗೆ ಬೇಕಾ ಎಂದು ಕೇಳಿದರು. ಎರಡು ಬೆಳೆ ರೇಷ್ಮೆಗೂಡಿನ ದುಡ್ಡು ಅಲ್ಲಿಗೆ ಹೋಯಿತು. ನನ್ನನ್ನು ಕೇಳಲಿಲ್ಲ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದಾಗಲೇ ನನಗೆ ಗೊತ್ತಾದದ್ದು.

ಅರಳಿಕಟ್ಟೆಯ ಮೇಲಿದ್ದವರೆಲ್ಲ ಎದ್ದು ಬಂದರು.

"ಏನ್ಲಾ ಇದು, ಮೊಸಳೆ ಇಡ್ಕಂಬಂದ್ಬುಟ್ಟವ್ನೆ!"

"ಎಲ್ಡೇ ಬಾಗ್ಲು ಕಣ್ಲಾ. ಇನ್ನೆಲ್ಡ ಇಟ್ಲೀಲೇ ಮರ್ತ್‌ಬುಟ್ ಬಂದವ್ರೆ."

"ಸ್ಟೇರಿಂಗ್ ನೋಡ್ಲಾ, ಎಡಗಡೆ ಐತೆ! ಎಡಚರ ಕಾರು ಕಣ್ಲಾ ಇದು."

ನಿಮ್ಮ ತಾತ ಒಳಗೆ ಎಡಗಡೆ ಕೂತು ಸ್ಟೇರಿಂಗ್ ಹಿಡಿದಿದ್ದರು. ಅರುವತ್ತು ವರ್ಷದ ಮನುಷ್ಯ, ಮದುವೆ ಗಂಡಿನ ಹಾಗೆ ಮುಖ ಬಿಗಿ ಹಿಡಿದುಕೊಂಡಿದ್ದರು. ಶೋಕಿ ಎಂಬ ಮಾತು ಹುಟ್ಟಿದ್ದು ಅವತ್ತೇ.

ರಾತ್ರಿ ಊಟಕ್ಕೆ ಕೂತಾಗ ನಾನು ತಟ್ಟೆಯನ್ನು ಒಂದಿಷ್ಟು ಜೋರಾಗಿಯೇ ಇಟ್ಟೆ. ಅವರು ಮುದ್ದೆ ಮುರಿಯುತ್ತ ಹೇಳಿದರು: "ಇದು ಬರೀ ಕಾರಲ್ಲ ಕಣೆ. ಗ್ರಾಂಡ್ ಟೂರು ಅಂತಾರೆ ಇದ್ಕೆ. ಗಂಡ ಹೆಂಡ್ತಿ ಇಬ್ರೇ ಕುಂತ್ಕಂಡು ದೂರ ದೇಸಕ್ಕೆ ಓಗಕ್ಕೆ ಅಂತ್ಲೇ ಮಾಡಿರದು. ಅನ್ನೊಂದು ವರ್ಸ ಯಜಮಾನ್ರ ಮನೆಯಮ್ನ ಆ ಸೀಟಲ್ಲಿ ಕೂರಿಸ್ಕಂಡು ಓಡಿಸಿವ್ನಿ. ಒಂದಿನ ನಿನ್ನ ಕೂರಿಸ್ಬೇಕು ಅಂತ ಆಗ್ಲೇ ಅಂದ್ಕಂಡಿದ್ದೆ."

ನಾನು ಗೂಡಿನ ದುಡ್ಡಿನ ಕೋಪದಲ್ಲಿದ್ದೆ. ಆ ಮಾತಿಗೆ ಉತ್ತರ ಕೊಡಲಿಲ್ಲ. ಆಮೇಲೆಯೂ ಯಾವತ್ತೂ ಕೊಡಲಿಲ್ಲ.

ನಿಮ್ಮಪ್ಪನಿಗೆ ಆಗಷ್ಟೇ ಕನಕಪುರದ ಹೈಸ್ಕೂಲಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತ್ತು. ಊರಿಗೆ ಬಂದು ಕಾರು ನೋಡಿದವನೇ, "ಅಪ್ಪ, ಸ್ಕೂಲಲ್ಲಿ ಎಲ್ರೂ ಕೇಳ್ತಾವ್ರೆ, ನಿಮ್ಮಪ್ಪಂಗೆ ಈ ವಯಸ್ಸಲ್ಲಿ ಏನ್ ಶೋಕಿ ಅಂತ. ನಾನೇನ್ ಹೇಳ್ಲಿ?" ಎಂದ. ತಾತ, "ಇಟ್ಲೀದು ಅಂತ ಹೇಳು" ಎಂದರು. ಅಪ್ಪ ಮಗ ಆ ಕಾರಿನ ವಿಷಯದಲ್ಲಿ ಆಮೇಲೆ ಸರಿಯಾಗಿ ಮಾತಾಡಲೇ ಇಲ್ಲ. ನಿಮ್ಮಪ್ಪ ಒಂದು ದಿನವೂ ಅದರಲ್ಲಿ ಕೂರಲಿಲ್ಲ.

ಕಾರನ್ನು ಓಡುವಂತೆ ಮಾಡಿದವರು ರಾಮನಗರದ ಮೆಕ್ಯಾನಿಕ್ ಒಬ್ಬರು. ತಾತನ ವಯಸ್ಸಿನವರೇ. ತಾತ ಅವರನ್ನು ಭಾಯಿ ಎನ್ನುತ್ತಿದ್ದರು, ಅವರು ತಾತನನ್ನು ಗೌಡ್ರೇ ಎನ್ನುತ್ತಿದ್ದರು, ನನ್ನನ್ನು ಅಕ್ಕ ಎನ್ನುತ್ತಿದ್ದರು. ಅವರ ಮನೆಯವರು ರೇಷ್ಮೆ ನೂಲು ತೆಗೆಯುವವರು. ಇವರೊಬ್ಬರು ಮಾತ್ರ ಚಿಕ್ಕಂದಿನಿಂದ ಜೀಪು, ಲಾರಿ ಎಂದು ಗ್ಯಾರೇಜು ಸೇರಿದವರು. ಒಂದೂವರೆ ವರ್ಷ ಶುಕ್ರವಾರ ಬಿಟ್ಟು ಬಿಡುವಾದಾಗಲೆಲ್ಲ ಬಂದರು. ಎಂಜಿನ್ನಿನಲ್ಲಿ ಇಲಿ ಗೂಡು ಮಾಡಿತ್ತು. ಸಿಗದ ಸಾಮಾನನ್ನು ಬೇರೆ ಗಾಡಿಯದು ತಂದು ಅರದಿಂದ ಉಜ್ಜಿ ಕೂರಿಸಿದರು. ಗೇರಿನ ಹಿಡಿಕೆ ಒಡೆದಿತ್ತು, ಅದನ್ನು ಚನ್ನಪಟ್ಟಣದ ಗೊಂಬೆ ಮಾಡುವವರ ಹತ್ತಿರ ಆಲೆ ಮರದಲ್ಲಿ ಕಡೆಸಿ, ಕೆಂಪು ಅರಗು ಹಾಕಿಸಿ ತಂದರು. ಕಾರಿನ ಅಡಿಗೆ ತೂರಿ ಹೊರಗೆ ಬಂದ ದಿನ ಅವರು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: "ಬ್ರೇಕ್ ಪೈಪೆಲ್ಲ ಗಟ್ಟಿ ಅದೆ ಗೌಡ್ರೇ. ಒಂದು ಚುಕ್ಕೆ ತುಕ್ಕು ಇಲ್ಲ. ಮೊಮ್ಮಕ್ಕಳ ಕಾಲಕ್ಕೂ ಆಗ್ತದೆ."

ಈಗ ಹುಳುಮನೆಯ ವಿಷಯ ಹೇಳಬೇಕು. ನೀವು ಅದನ್ನು ಕಾರಿನ ಮನೆ ಎಂದೇ ಕಂಡವರು.

ನಾವು ಹುಳು ಸಾಕುತ್ತಿದ್ದಾಗ ಆ ಮನೆ ನನ್ನದಾಗಿತ್ತು. ಸೊಪ್ಪು ತರುವುದು, ಗೂಡು ಮಾರುವುದು ತಾತನ ಕೆಲಸ. ಒಳಗಿನದೆಲ್ಲ ನನ್ನ ಕೈಯಲ್ಲಿ. ಮದುವೆಯಾದ ಹೊಸದರಲ್ಲಿ ಒಂದು ಬೆಳೆಯಲ್ಲಿ ನಾನು ನೆಲವನ್ನು ಸರಿಯಾಗಿ ತೊಳೆಯದೆ ಹುಳು ಬಿಟ್ಟೆ. ಹಾಲುತೊಂಡೆ ರೋಗ ಬಂತು. ನಾಲ್ಕನೇ ಜ್ವರ, ಎಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳುಗಳು ಮೈ ಊದಿ, ಹಾಲಿನಂಥ ನೀರು ಸುರಿಸುತ್ತ ತಟ್ಟೆ ತಟ್ಟೆಯೇ ಸತ್ತವು. ಬುಟ್ಟಿಯಲ್ಲಿ ತುಂಬಿ ಗುಂಡಿಗೆ ಸುರಿದೆವು. ನನ್ನ ಅತ್ತೆ ಮೂರು ದಿನ ನನ್ನ ಕೈಯ ಅನ್ನ ಉಣ್ಣಲಿಲ್ಲ. ಅಲ್ಲಿಂದ ಮುಂದೆ ನನ್ನ ಹುಳುಮನೆಯಲ್ಲಿ ರೋಗ ಬಂದಿಲ್ಲ. ಪ್ರತಿ ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪೌಡರು, ಸುಣ್ಣ ಬೆರೆಸಿ ನೆಲ, ಗೋಡೆ, ಮೂಲೆ ಎಲ್ಲಕ್ಕೂ ಹಾಕುತ್ತಿದ್ದೆ. ಹಾಕಿದ ಮೇಲೆ ಕಿಟಕಿ ಬಾಗಿಲ ಸಂದಿಗಳಿಗೆ ಕಾಗದ ತುರುಕಿ, ಒಂದು ಹಗಲು ಒಂದು ರಾತ್ರಿ ಬಿಗಿಯಾಗಿ ಮುಚ್ಚಬೇಕು. ಘಾಟು ಒಳಗೇ ನಿಂತು ಕೆಲಸ ಮಾಡಬೇಕು. ರೇಷ್ಮೆ ಇಲಾಖೆಯ ಸಾಹೇಬರು ಬೇರೆ ಊರಿನವರನ್ನು ಕರೆತಂದು, "ಹುಳುಮನೆ ಅಂದ್ರೆ ಹಿಂಗಿರ್ಬೇಕು" ಎಂದು ತೋರಿಸುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ನನ್ನ ಬದುಕಿನಲ್ಲಿ ನಾಲ್ಕು ಜನ ನನ್ನನ್ನು ಹೊಗಳಿದ್ದು ಅದೊಂದಕ್ಕೇ.

ಕಾರು ಬಂದ ವರ್ಷವೇ ಹುಳು ನಿಲ್ಲಿಸಿದೆವು. ತಾತನಿಗೆ ಮಂಡಿ ನೋವು, ನನಗೆ ಬೆನ್ನು ನೋವು, ಆಳು ಸಿಗುತ್ತಿರಲಿಲ್ಲ. ಕಾರಿಗೆ ಎಲ್ಲಿ ಜಾಗ ಎಂದಾಗ ಹುಳುಮನೆಯ ಬಾಗಿಲು ಒಡೆಸಿ ದೊಡ್ಡದು ಮಾಡಿಸಿ ಅಲ್ಲಿ ನಿಲ್ಲಿಸಿದರು. ತಂಪು, ಬಿಸಿಲು ಬೀಳದು, ಕಿಟಕಿಗೆ ಬಲೆ ಇದೆ. ಇಡೀ ಊರಿನಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ಹುಳು ಹೋದರೂ ನನ್ನ ಕೈ ನಿಲ್ಲಲಿಲ್ಲ. ಹುಳುಮನೆ ಗಲೀಜಾಗಿರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಪ್ರತಿ ಅಮಾವಾಸ್ಯೆಯ ಮರುದಿನ ಗುಡಿಸಿ, ಬ್ಲೀಚಿಂಗ್ ನೀರು ಕಲಸಿ, ಚೊಂಬಿನಲ್ಲಿ ಕಾರಿನ ಅಡಿಗೆಲ್ಲ ಎರಚುತ್ತಿದ್ದೆ. ಚಕ್ರದ ಸಂದಿಯಲ್ಲಿ ಇಲಿ ಸೇರಬಾರದೆಂದು ಅಲ್ಲಿಗೂ ಎರಚುತ್ತಿದ್ದೆ. ಧೂಳು ಕೂರದಿರಲಿ ಎಂದು ಟಾರ್ಪಾಲು ಹೊದಿಸಿ ನೆಲದವರೆಗೆ ಇಳಿಬಿಡುತ್ತಿದ್ದೆ. ಆಮೇಲೆ ಸಂದಿಗೆ ಕಾಗದ, ಬಾಗಿಲಿಗೆ ಬೀಗ. ಮರುದಿನ ತೆಗೆದಾಗ ಕಣ್ಣಲ್ಲಿ ನೀರು ಬರುವಷ್ಟು ಘಾಟು. ಎಲ್ಲ ಸರಿಯಾಗಿ ಆಗಿದೆ ಎಂದು ನನಗೆ ಸಮಾಧಾನ. ಕಾರಿನ ಯಾವ ಕೆಲಸವನ್ನೂ ತಾತ ನನಗೆ ಹೇಳುತ್ತಿರಲಿಲ್ಲ, ನಾನಾಗಿ ಅದಕ್ಕೆ ಮಾಡಿದ ಸೇವೆ ಇದೊಂದೇ. ಒಮ್ಮೆ ಅವರು ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತು, "ಬುಡು, ನನ್ ಕಾರ್‌ಗಂತೂ ಹಾಲುತೊಂಡೆ ಬರಾಕಿಲ್ಲ" ಎಂದರು. ಇಬ್ಬರೂ ನಕ್ಕೆವು.

ಒಂಬತ್ತು ವರ್ಷ ಹೀಗೇ ನಡೆಯಿತು.

ಆ ಕಾರಿನಲ್ಲಿ ಕೂರುವುದು ನನಗೆ ಮೊದಮೊದಲು ಹಿಂಸೆಯಾಗಿತ್ತು. ಸೀಟು ನೆಲಕ್ಕೆ ತಾಗಿದ ಹಾಗಿತ್ತು. ಸೀರೆ ಉಟ್ಟವರು ಮೊದಲು ಹಿಂದೆ ತಿರುಗಿ ಕೂತು, ಆಮೇಲೆ ಕಾಲು ಎಳೆದುಕೊಳ್ಳಬೇಕು. ಸ್ಟೇರಿಂಗ್ ಎಡಗಡೆ ಇದ್ದದ್ದರಿಂದ ನಾನು ಕೂರುವುದು ಬಲಗಡೆ, ಬೇರೆ ಕಾರುಗಳಲ್ಲಿ ಡ್ರೈವರ್ ಕೂರುವ ಜಾಗದಲ್ಲಿ. ಚನ್ನಪಟ್ಟಣದ ಸಂತೆಯ ಹತ್ತಿರ ಜನದ ನಡುವೆ ಸಿಕ್ಕಿಕೊಂಡಾಗ ಒಬ್ಬ ಕೂಗಿದ: "ಲೋ, ನೋಡ್ರುಲಾ, ಅಜ್ಜಮ್ಮ ಸ್ಟೇರಿಂಗೇ ಇಲ್ದೆ ಕಾರ್ ಓಡಿಸ್ತಾವ್ಳೆ!" ಜನವೆಲ್ಲ ಬಗ್ಗಿ ನೋಡಿದರು. ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಆಗ ಅವನು, "ಕಣ್ಮುಚ್ಕಂಡ್ ಬೇರೆ ಓಡಿಸ್ತಾವ್ಳಲ್ಲೋ!" ಎಂದ. ತಾತ ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕರು.

ಎಡಗಡೆ ಕೂತವರಿಗೆ ಮುಂದಿರುವ ಲಾರಿಯ ಆಚೆ ಏನು ಬರುತ್ತಿದೆ ಎಂದು ಕಾಣುವುದಿಲ್ಲ. ಅದನ್ನು ನಾನು ನೋಡಿ ಹೇಳಬೇಕಿತ್ತು. ರಸ್ತೆ ಖಾಲಿ ಇದ್ದರೆ "ಓಗಿ" ಎನ್ನಬೇಕು, ಇಲ್ಲವಾದರೆ "ತಡೀರಿ". ನಾನು ಹತ್ತರಲ್ಲಿ ಒಂಬತ್ತು ಸಲ "ತಡೀರಿ" ಎನ್ನುತ್ತಿದ್ದೆ. ಅವರು ಒಮ್ಮೆಯೂ ಮೀರಲಿಲ್ಲ. ಜೋಳದ ಕಡ್ಡಿ ತುಂಬಿದ ಟ್ರ್ಯಾಕ್ಟರಿನ ಹಿಂದೆ ಮಾಗಡಿಯವರೆಗೂ ಹೋಗಿದ್ದೇವೆ. ಸೈಕಲ್ಲಿನವರು ನಮ್ಮನ್ನು ದಾಟಿ ಹೋಗುತ್ತಿದ್ದರು. ಇದನ್ನು ಯಾಕೆ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆಂದರೆ, ರೇಸು ಎಂಬ ಮಾತು ಎಷ್ಟು ಸುಳ್ಳೆಂದು ನಿಮಗೆ ಗೊತ್ತಾಗಲಿ. ಗ್ರಾಂಡ್ ಟೂರು ಎಂದು ತಂದ ಕಾರು ಈ ನಾಲ್ಕು ತಾಲ್ಲೂಕು ದಾಟಿ ಹೊರಗೆ ಹೋಗಲಿಲ್ಲ. ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದದ್ದನ್ನೇ ತಾತ ತಿಂಗಳುಗಟ್ಟಲೆ ಹೇಳಿಕೊಂಡು ತಿರುಗುತ್ತಿದ್ದರು.

ಕೊನೆಯ ಎರಡು ವರ್ಷ ಕಾರಿನ ಅಡಿಯನ್ನು ಯಾರೂ ನೋಡಲಿಲ್ಲ. ಭಾಯಿಯವರ ಕಣ್ಣಿಗೆ ಪೊರೆ ಬಂದಿತ್ತು, ತಾತನಿಗೆ ಮಂಡಿ ಮಡಿಸಿ ನೆಲಕ್ಕೆ ಇಳಿಯಲು ಆಗುತ್ತಿರಲಿಲ್ಲ. ಎಂಜಿನ್ ಚೆನ್ನಾಗಿಯೇ ಹಾಡುತ್ತಿತ್ತು, ಅಷ್ಟು ಸಾಕೆಂದುಕೊಂಡರು.

ಅವತ್ತು ಶುಕ್ರವಾರ. ಕಬ್ಬಾಳಿಗೆ ಹೋಗಿ ದೇವಸ್ಥಾನದಲ್ಲಿ ಅಮ್ಮನಿಗೆ ಮಡಿಲಕ್ಕಿ ಕೊಟ್ಟು, ಹಣ್ಣುಕಾಯಿ ಮಾಡಿಸಿ, ಕನಕಪುರಕ್ಕೆ ಹೊರಟಿದ್ದೆವು. ನಿಮ್ಮನ್ನು ನೋಡಿಕೊಂಡು ಬರೋಣ ಎಂದು. ದೊಡ್ಡವಳಿಗೆ ಆಗ ಐದು ವರ್ಷ, ಚಿಕ್ಕವನು ತೊಟ್ಟಿಲಲ್ಲಿದ್ದ. ಮಧ್ಯಾಹ್ನ ಹನ್ನೆರಡರ ಬಿಸಿಲು. ಕಬ್ಬಾಳು ದಾಟಿ ಸ್ವಲ್ಪ ದೂರದಲ್ಲಿ ರಸ್ತೆ ಇಳುಕಲಾಗಿದೆ. ಎಡಕ್ಕೆ ಬಂಡೆ ಕಡಿದು ಮಾಡಿದ ಗೋಡೆ, ಬಲಕ್ಕೆ ತಗ್ಗು. ತಾತ ಬ್ರೇಕು ತುಳಿದರು. ಅವರ ಮಂಡಿ ಒಮ್ಮೆಲೇ ಕೆಳಗೆ ಹೋದದ್ದನ್ನು ನಾನು ನೋಡಿದೆ. ಕೆಸರಿನಲ್ಲಿ ಕಾಲಿಟ್ಟ ಹಾಗೆ. ಮತ್ತೆ ತುಳಿದರು, ಮತ್ತೆ ಹಾಗೇ.

"ಬ್ರೇಕ್ ಇಲ್ಲ ಕಣೆ" ಎಂದರು. ಹೆದರಿದ ದನಿಯಲ್ಲ. ಸಾರಿಗೆ ಉಪ್ಪಿಲ್ಲ ಎನ್ನುವ ಹಾಗೆ ಹೇಳಿದರು. "ಗಟ್ಟಿಯಾಗ್ ಇಡ್ಕೊ."

ಗೇರು ಇಳಿಸಿದರು, ಎಂಜಿನ್ ಕಿರುಚಿತು. ಕೈಬ್ರೇಕು ಎಳೆದರು, ಸುಟ್ಟ ವಾಸನೆ ಬಂತು, ನಿಲ್ಲಲಿಲ್ಲ. ತಿರುವಿನಲ್ಲಿ ಎದುರಿಗೆ ಒಂದು ಗೂಡ್ಸ್ ಆಟೋ ಬರುತ್ತಿತ್ತು, ಹಿಂದೆ ಹೆಂಗಸರು ತುಂಬಿದ್ದರು, ಅವರೂ ಕಬ್ಬಾಳಿಗೆ ಹೋಗುವವರೇ. ತಾತ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರು. ಬಂಡೆ ತಗುಲಿದ್ದು ಅವರು ಕೂತ ಕಡೆ.

ನನ್ನನ್ನು ಉಳಿಸಲೆಂದು ಹಾಗೆ ಮಾಡಿದರು ಎಂದು ನಾನು ಬರೆಯುವುದಿಲ್ಲ. ನನಗೆ ಗೊತ್ತಿಲ್ಲ. ಬಲಕ್ಕೆ ತಿರುಗಿಸಿದ್ದರೆ ಆಟೋ ಇತ್ತು, ತಗ್ಗು ಇತ್ತು. ನನ್ನ ಸೊಂಟದ ಮೂಳೆ ಮುರಿಯಿತು. ಅವರಿಗೆ ಸ್ಟೇರಿಂಗ್ ಎದೆಗೆ ಬಡಿದಿತ್ತು.

ರಾಮನಗರದ ಆಸ್ಪತ್ರೆಯಲ್ಲಿ ಮೂರು ದಿನ ಇದ್ದರು. ನನ್ನ ಮಂಚವನ್ನು ಅವರ ಮಂಚದ ಪಕ್ಕಕ್ಕೆ ಹಾಕಿಸಿದ್ದರು. ಎರಡನೇ ದಿನ ಬೆಳಿಗ್ಗೆ ಸ್ವಲ್ಪ ಮಾತಾಡಿದರು. "ಅಡೀಗ್ ಓಗಿ ಪೈಪ್ ನೋಡ್ಬೇಕಾಗಿತ್ತು ಕಣೆ ನಾನು. ಮಂಡಿ ನೋವು ಅಂತ ಬುಟ್ಬುಟ್ಟೆ. ನಂದೇ ತಪ್ಪು. ನಿನ್ನೂ ಸಾಯಿಸ್ಬುಡ್ತಿದ್ದೆ" ಎಂದರು. "ಬುಡಿ ಅತ್ಲಾಗೆ" ಎಂದೆ ನಾನು. ಆಗ ನನಗೂ ಏನೂ ಗೊತ್ತಿರಲಿಲ್ಲ. ಮೂರನೇ ದಿನ ಹೋದರು.

ಮಣ್ಣಿಗೆ ಬಂದವರೆಲ್ಲ ಅದೇ ಮಾತಾಡಿದರು. ನನ್ನನ್ನು ನಡುಮನೆಯಲ್ಲಿ ಮಲಗಿಸಿದ್ದರು, ಎಲ್ಲ ಕೇಳಿಸುತ್ತಿತ್ತು. "ಶೋಕಿ ಅಂದ್ರೆ ಶೋಕಿ. ಎಪ್ಪತ್ತರ ಅಂಚಲ್ಲಿ ಏನ್ ಬೇಕಾಗಿತ್ತು?" "ಇಳುಕ್ಲಲ್ಲಿ ಎಂಗ್ ಬಂದಿರ್ಬೇಕು ಏಳು, ಬಂಡೆ ಚಕ್ಕೆ ಎದ್ದೈತಂತೆ!" ನಿಮ್ಮಪ್ಪ ಬಂದು ನನ್ನ ಪಕ್ಕ ಕೂತು ಕೇಳಿದ: "ಅವ್ವ, ಎಷ್ಟು ಸ್ಪೀಡಲ್ಲಿದ್ರು?" ನಾನು ಅಳುತ್ತಿದ್ದೆ. ಅವನು ಆ ಅಳುವನ್ನೇ ಉತ್ತರ ಎಂದುಕೊಂಡ.

ತಿಥಿ ಮುಗಿದ ವಾರಕ್ಕೆ ಭಾಯಿ ಬಂದರು. ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ನಜ್ಜುಗುಜ್ಜಾದ ಕಾರನ್ನು ಊರವರು ತಂದು ಮತ್ತೆ ಹುಳುಮನೆಯಲ್ಲೇ ಹಾಕಿದ್ದರು. ನಾನು ವಾಕರ್ ಹಿಡಿದು ಬಾಗಿಲವರೆಗೆ ಹೋದೆ. ಅವರು ನೆಲಕ್ಕೆ ಗೋಣಿ ಹಾಸಿ, ಟಾರ್ಚು ಹಿಡಿದು ಅಡಿಗೆ ತೂರಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕೈಯಲ್ಲಿ ಬಳಪದ ದಪ್ಪದ ಒಂದು ಪೈಪಿನ ತುಂಡು ಇತ್ತು.

"ಅಕ್ಕಾ, ಹೊಡೆತಕ್ಕೆ ಮುರಿದಿದ್ರೆ ಬೆಳ್ಳಗೆ ಹೊಳೀತದೆ. ಇದು ನೋಡಿ." ಎರಡು ಬೆರಳಲ್ಲಿ ಒತ್ತಿದರು. ಹಪ್ಪಳದ ಹಾಗೆ ಪುಡಿಯಾಯಿತು. "ಹಿಂಗೆ ತಿನ್ನೋದು ಸಮುದ್ರದ ಹತ್ರ. ನಮ್ ಕಡೆ ಹೆಂಗೆ ಬಂತು?"

ಆಮೇಲೆ ಗೋಡೆಯ ಮೂಲೆಯನ್ನು ಮುಟ್ಟಿ ಬೆರಳು ನೋಡಿಕೊಂಡರು. ಮೂಸಿದರು.

"ಏನಿದು?"

"ಬ್ಲೀಚಿಂಗ್ ಪೌಡ್ರು."

"ಯಾವಾಗಿಂದು?"

"ತಿಂಗ್ಳು ತಿಂಗ್ಳೂ ಆಕ್ತೀನಿ."

"ಕಾರು ಒಳಗೆ ಇದ್ದಾಗ್ಲೇ? ಬಾಗ್ಲು ಮುಚ್ಚಿ?"

"ಊಂ. ಇಲ್ದಿದ್ರೆ ರೋಗ ಓಗಲ್ವಲ್ಲ."

ಅವರು ಗೋಣಿಯ ಮೇಲೆ ಕೂತುಬಿಟ್ಟರು. "ಹುಳುಮನೆ ಕಬ್ಬಿಣದ ಸ್ಟ್ಯಾಂಡು ಯಾಕೆ ಉಳಿಯಲ್ಲ ಹೇಳಿ ಅಕ್ಕಾ?" ಎಂದರು.

ಅದು ನನಗೆ ಗೊತ್ತಿತ್ತು. ಮೂವತ್ತು ವರ್ಷದಲ್ಲಿ ಎಷ್ಟು ಕಬ್ಬಿಣದ ಸ್ಟ್ಯಾಂಡುಗಳು ಔಷಧಿಗೆ ತುಕ್ಕು ಹಿಡಿದು ಉದುರಿವೆ. ಕೊನೆಗೆ ನಾನೇ ಹೇಳಿ ಬಿದಿರಿನದು ಮಾಡಿಸಿದ್ದೆ. ಕಾರು ಕಬ್ಬಿಣ ಎಂದು ನನಗೆ ಅನಿಸಿರಲೇ ಇಲ್ಲ. ನನ್ನ ಕಣ್ಣಿಗೆ ಅದು ಬಣ್ಣ, ಗಾಜು, ಚರ್ಮದ ಸೀಟು. ಅದರ ಹೊಟ್ಟೆಯ ಕೆಳಗೆ ಸಣ್ಣ ಕಬ್ಬಿಣದ ನರಗಳಿವೆ, ಅವುಗಳಲ್ಲಿ ತಾತನ ಜೀವ ಹರಿಯುತ್ತಿದೆ ಎಂದು ನನಗೆ ತಿಳಿಯಲಿಲ್ಲ. ಹುಳುವಿಗೆ ಒಳ್ಳೆಯದಾದದ್ದು ಕಾರಿಗೂ ಒಳ್ಳೆಯದು ಎಂದುಕೊಂಡೆ.

ಅಷ್ಟರಲ್ಲಿ ನಿಮ್ಮಪ್ಪ ಬಂದ. "ಏನ್ ಭಾಯಿ, ಏನಾಗಿತ್ತು?" ಎಂದು ಕೇಳಿದ.

ಭಾಯಿ ನನ್ನ ಮುಖ ನೋಡಿದರು. ಪೈಪಿನ ತುಂಡನ್ನು ಜೇಬಿಗೆ ಹಾಕಿಕೊಂಡರು. "ಹೊಡೆತಕ್ಕೆ ಎಲ್ಲ ಕಟ್ ಆಗೋಗದೆ ಮೇಷ್ಟ್ರೇ. ಏನೂ ಗೊತ್ತಾಗಲ್ಲ" ಎಂದರು.

"ಗೊತ್ತಾಗೋದೇನೈತೆ? ಸ್ಪೀಡು" ಎಂದ ನಿಮ್ಮಪ್ಪ. "ನಾನ್ ಮೊದ್ಲಿಂದ್ಲೂ ಬಡ್ಕಂಡೆ. ಶೋಕಿ ಅವ್ರನ್ನ ತಿಂದಾಕ್ತು."

ಒಂದು ಮಾತು ಹೇಳಬಹುದಿತ್ತು. ಅಲ್ಲಿ ಇದ್ದದ್ದು ಮೂವರೇ. ನಾನು, "ಟೀ ಮಾಡ್ತೀನಿ" ಎಂದು ವಾಕರ್ ತಿರುಗಿಸಿಕೊಂಡು ಹೋದೆ. ಭಾಯಿ ನನ್ನನ್ನು ಕಾಪಾಡಲು ಸುಳ್ಳು ಹೇಳಿದರು. ಆ ಸುಳ್ಳಿನ ಭಾರವೆಲ್ಲ ಸತ್ತವರ ಮೇಲೆ ಬಿತ್ತು. ನನ್ನ ಹೆಸರು, ಅವರ ಹೆಸರು ಎರಡರಲ್ಲಿ ನಾನು ನನ್ನದನ್ನು ಉಳಿಸಿಕೊಂಡೆ. ಅದೂ ಬೇಕೆಂದು ಯೋಚಿಸಿ ಮಾಡಿದ್ದಲ್ಲ. ಮಾತಾಡಲು ನಾಚಿಕೆಯಾಯಿತು, ಅಷ್ಟೇ. ಇದನ್ನು ಬರೆಯಲು ಎಲ್ಲಕ್ಕಿಂತ ಕಷ್ಟವಾಗುತ್ತಿದೆ.

ಏಳು ವರ್ಷ ಆ ಮಾತನ್ನು ಕೇಳಿದ್ದೇನೆ. ಊರಿನಲ್ಲಿ ಯಾರಾದರೂ ಹೊಸ ಬೈಕು ತಂದರೆ, "ಒಸಿ ನೋಡ್ಕಂಡ್ ಓಡ್ಸಪ್ಪ, ಇಟ್ಲಿ ಕಾರ್ ಆಗೋದಾತು" ಎನ್ನುತ್ತಾರೆ. ನಾನು ಅಲ್ಲೇ ಇದ್ದರೆ ಮೆಲ್ಲಗೆ ಎನ್ನುತ್ತಾರೆ.

ಈ ಸಲ ಹಿರಿಯರ ಹಬ್ಬಕ್ಕೆ ನಿಮ್ಮಪ್ಪ ಒಬ್ಬನೇ ಬಂದಿದ್ದ. ಎಡೆ ಇಟ್ಟು, ತಾತನ ಫೋಟೋಗೆ ಹೂ ಹಾಕಿ, ನೆಂಟರ ಮುಂದೆ, "ಅಪ್ಪಂಗೆ ವಡೆ ಜೊತೆ ಒಸಿ ಪೆಟ್ರೋಲೂ ಇಡ್ಬೇಕಾಗಿತ್ತು" ಎಂದ. ಎಲ್ಲರೂ ನಕ್ಕರು. ಅವನು ಕೆಟ್ಟವನಲ್ಲ. ಸಿಟ್ಟು ಆರದೆ ಉಳಿದರೆ ಮನುಷ್ಯ ಹಾಗೆ ತಮಾಷೆ ಮಾಡುತ್ತಾನೆ. ಆದರೆ ನಿಮ್ಮ ಜಗಲಿಯ ಆಟ ನನಗೆ ನೆನಪಾಯಿತು. ಎಲೆ ಬಿಟ್ಟು ಎದ್ದೆ.

ಅವನು ಕನಕಪುರಕ್ಕೆ ಹೋದ ಮೇಲೆ ಎರಡನೇ ದಿನ ನಾನೇ ಫೋನ್ ಮಾಡಿದೆ. ಮುಖ ಕಾಣದಿದ್ದರೆ ಹೇಳಬಹುದೆಂದುಕೊಂಡೆ. ಹುಳುಮನೆ, ಬ್ಲೀಚಿಂಗ್, ಪೈಪು, ಭಾಯಿ ಜೇಬಿಗೆ ಹಾಕಿಕೊಂಡದ್ದು, ಎಲ್ಲ ಹೇಳಿದೆ.

"ಏಳು ವರ್ಸದಿಂದ ಯಾಕವ್ವ ಏಳ್ಲಿಲ್ಲ?" ಎಂದ ಕೊನೆಗೆ.

"ನಾಚ್ಕೆ ಆಯ್ತು ಕಣಪ್ಪ."

ಫೋನ್ ಕಟ್ಟಾಯಿತು. ಎಂಟು ದಿನ ಅವನಿಂದ ಫೋನಿಲ್ಲ. ನಾನೂ ಮಾಡಲಿಲ್ಲ.

ಒಂಬತ್ತನೇ ದಿನ ಸಂಜೆ ಅವನೇ ಮಾಡಿದ. ಭಾಯಿ ಮನೆಗೆ ಹೋಗಿದ್ದನಂತೆ. ಅವರು ಮೊದಲು ಏನೂ ಗೊತ್ತಿಲ್ಲ ಎಂದರಂತೆ, ಅಕ್ಕನೇ ಹೇಳಿದರು ಎಂದ ಮೇಲೆ ಒಳಗೆ ಹೋಗಿ ಆ ತುಂಡನ್ನು ತಂದು ಕೈಗೆ ಕೊಟ್ಟರಂತೆ.

"ಅಪ್ಪಂಗೂ ಗೊತ್ತಿತ್ತಲ್ಲವ್ವ, ನೀನ್ ಪೌಡ್ರು ಆಕ್ತಿದ್ದುದ್ದು. ಅವ್ರೂ ಸುಮ್ನಿದ್ರಲ್ಲ. ನಿಂದೊಬ್ಳುದೇ ಎಂಗಾಯ್ತದೆ?" ಎಂದ.

ಅವನು ಸಮಾಧಾನ ಮಾಡಲು ಹೇಳಿದ ಮಾತು. ಸತ್ತವರಿಗೆ ಮತ್ತೆ ಪಾಲು ಹಾಕುವುದು ನನಗೆ ಬೇಡ.

"ಅಪ್ಪಂಗೆ ಕೊನೆಗಾದ್ರೂ ತಿಳೀತಾ, ಯಾಕಿಂಗಾಯ್ತು ಅಂತ?"

"ಇಲ್ಲ ಕಣಪ್ಪ. ತಮ್ದೇ ತಪ್ಪು ಅಂದ್ಕಂಡೇ ಓದ್ರು."

ಅವನು ಅತ್ತದ್ದು ಕೇಳಿಸಿತು. ಅಪ್ಪ ಸತ್ತಾಗ ಅವನು ಅತ್ತಿರಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು, "ಭಾನ್ವಾರ ಮಕ್ಕಳ್ನ ಕರ್ಕಂಡ್ ಬತ್ತೀನಿ. ನಾನ್ ಅವ್ರಿಗೆ ಸುಳ್ಳು ಏಳ್ಕೊಟ್ಟಿವ್ನಿ. ನೀನೇ ಕೂರಿಸ್ಕಂಡು ಏಳವ್ವ" ಎಂದ.

ಆಗಲಿ ಎಂದೆ. ಆದರೆ ನಿಮ್ಮಿಬ್ಬರ ಮುಖ ನೋಡುತ್ತ ಇಷ್ಟನ್ನು ಹೇಳಲು ನನ್ನಿಂದ ಆಗುವುದಿಲ್ಲ. ನಾಲ್ಕು ದಿನದಿಂದ ಕೂತು ಬರೆದಿದ್ದೇನೆ. ನಾಳೆ ನೀವು ಬಂದಾಗ ಈ ಪುಸ್ತಕ ಜಗಲಿಯ ಮೇಲೆ ಇರುತ್ತದೆ. ದೊಡ್ಡವಳೇ, ನೀನು ಗಟ್ಟಿಯಾಗಿ ಓದು, ತಮ್ಮನಿಗೂ ಕೇಳಿಸಲಿ, ನಿಮ್ಮಪ್ಪನಿಗೂ ಕೇಳಿಸಲಿ. ನಾನು ಅಡುಗೆಮನೆಯಲ್ಲಿ ಇರುತ್ತೇನೆ. ಓದಿ ಮುಗಿದ ಮೇಲೆ ನನ್ನನ್ನು ಏನು ಬೇಕಾದರೂ ಕೇಳಿ, ಉತ್ತರ ಹೇಳುತ್ತೇನೆ. ಕೇಳಲು ಮನಸ್ಸಾಗದಿದ್ದರೆ, ನನ್ನನ್ನು ನೋಡಲು ಇಷ್ಟವಾಗದಿದ್ದರೆ, ಊಟ ಮಾತ್ರ ಮಾಡಿಕೊಂಡು ಹೋಗಿ. ಅವರೆಕಾಳು ಸಾರು, ಮುದ್ದೆ, ಅನ್ನ ಮಾಡಿರುತ್ತೇನೆ.